ಶಾಲೆಯ ಜೊತೆ ಅದರ ಕಲ್ಲುಗಳೂ ಬರಲಿ: ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರು,
ಬಾಗಲಕೋಟೆ ಜಿಲ್ಲೆ

ಮಾನ್ಯರೇ, ನಮಸ್ಕಾರ.

ಆಲಮಟ್ಟಿ ಅಣೆಕಟ್ಟೆಯ ನೀರು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರುತ್ತದೆ ಎಂಬ ಮಾತು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಬಂದಾಗಿನಿಂದ ನಮ್ಮ ಕಡೆ ನಡೆದೇ ಇದೆ. ಹಾಗೆ ಏರಿದರೆ ಮುಳುಗುವ ಊರುಗಳಲ್ಲಿ ಪರಿಹಾರ ಎಕರೆಗೆ ಎಷ್ಟು, ಮನೆಗೆ ಎಷ್ಟು, ಪ್ಲಾಟ್ ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದಾರೆ. ಕೇಳಲೇಬೇಕು, ಹೊಟ್ಟೆಪಾಡಿನ ಪ್ರಶ್ನೆ ಅದು. ನಾನು ಕೇಳುವುದು ಇನ್ನೊಂದು. ಮುಳುಗಡೆ ಊರಿನ ಹೈಸ್ಕೂಲುಗಳನ್ನು ಎತ್ತಂಗಡಿ ಮಾಡುವಾಗ ಅವುಗಳ ಆವರಣದಲ್ಲಿರುವ ದಾನಿಗಳ ಕಲ್ಲು, ಸ್ಮಾರಕ, ಧ್ವಜದ ಕಟ್ಟೆ ಇವೆಲ್ಲ ಎಲ್ಲಿಗೆ ಹೋಗುತ್ತವೆ?

ನಾನು ಓದಿದ್ದು ಘಟಪ್ರಭಾ ದಂಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಅಲ್ಲಿ ಮೊದಲ ಕೋಣೆಯ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಕಪ್ಪು ಕಲ್ಲು ಇದೆ. ಮೊಳದುದ್ದ, ಗೇಣಗಲ. ವರ್ಷ ವರ್ಷ ಗೋಡೆಗೆ ಸುಣ್ಣ ಬಳಿಯುವಾಗ ಅದಕ್ಕೂ ಬಳಿದು ಅಕ್ಷರದೊಳಗೆಲ್ಲ ಸುಣ್ಣ ಕೂತಿದೆ. ಆಗಸ್ಟ್ 14ರ ಮಧ್ಯಾಹ್ನ ನಮ್ಮ ಸರ್ ಹುಡುಗರ ಕೈಗೆ ಹಸಿ ಗೋಣಿ ತಟ್ಟು ಕೊಟ್ಟು ಆ ಕಲ್ಲು ತಿಕ್ಕಿಸುತ್ತಿದ್ದರು. ತಿಕ್ಕಿದ ಮೇಲೆ ಓದಲು ಬರುತ್ತಿದ್ದದ್ದು ಇಷ್ಟೇ: ಒಬ್ಬ ತಾಯಿಯ ಹೆಸರು, ಮಗನ ಹೆಸರು, 'ಸ್ಮರಣಾರ್ಥ' ಎಂಬ ಮಾತು, ಕೆಳಗೆ 'ಜಿ. ವಿಜಾಪುರ'.

ಕಲ್ಲಿನಲ್ಲಿ ಇಲ್ಲದ್ದನ್ನು ಊರ ಹಿರಿಯರು ಹೇಳುತ್ತಾರೆ. ಆಗ ನಮ್ಮ ದಂಡೆಯಲ್ಲಿ ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ತರಗತಿಯ ಪರೀಕ್ಷೆ, ಮುಗಿದರೆ ಓದು ಮುಗಿದಂತೆ. ಮುಂದೆ ಓದುವ ಹುಡುಗರು ಹೊಳೆ ದಾಟಬೇಕಿತ್ತು. ಆ ತಾಯಿಯ ಒಬ್ಬನೇ ಮಗ ಮಳೆಗಾಲದಲ್ಲಿ ಹರಿಗೋಲು ಮಗುಚಿ ಹೋದ. ಆಕೆ ಗಂಡನನ್ನು ಮೊದಲೇ ಕಳೆದುಕೊಂಡವಳು, ತಾನು ಓದು ಬರಹ ಕಲಿತವಳಲ್ಲ. ಇದ್ದ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆ ಬಿಟ್ಟುಕೊಟ್ಟಳು. ಇನ್ನು ಮೇಲೆ ಯಾರ ಮಕ್ಕಳೂ ಓದಿಗಾಗಿ ಹೊಳೆ ದಾಟುವುದು ಬೇಡ ಅಂದಳಂತೆ. ನಾನು ಹತ್ತನೆಯ ತರಗತಿ ಪಾಸಾಗಿದ್ದು ಆಕೆಯ ಹೊಲದಲ್ಲಿ ಕೂತು. ನನ್ನ ಅಕ್ಕ ಪಾಸಾಗಿದ್ದೂ ಅಲ್ಲೇ. ಹೊಳೆಯ ಆಚೆ ಶಾಲೆ ಇದ್ದಿದ್ದರೆ ಅಕ್ಕನನ್ನು ಮನೆಯಲ್ಲಿ ಖಂಡಿತ ಕಳಿಸುತ್ತಿರಲಿಲ್ಲ.

ಈಗ ಅಲ್ಲಿ ಓದುವ ಮಕ್ಕಳಿಗೆ ಇದು ಗೊತ್ತಿಲ್ಲ. ಕಲ್ಲಿನ ಮೇಲೆ ಆಯಿಲ್ ಪೇಂಟ್ ಬಿದ್ದಿದೆ.

ಅದೇ ಆವರಣದಲ್ಲಿ ಧ್ವಜದ ಕಟ್ಟೆ ಇದೆ. ಅದರ ಹಸಿ ಸಿಮೆಂಟಿನ ಮೇಲೆ ಯಾರೋ ಮೊಳೆಯಿಂದ 1-11-56 ಎಂದು ಗೀರಿದ್ದಾರೆ. ಆವತ್ತು ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಊರುಗಳು ಮೈಸೂರು ರಾಜ್ಯಕ್ಕೆ ಸೇರಿ ಕನ್ನಡ ನಾಡು ಒಂದಾಯಿತು. ಪಾಠದಲ್ಲಿ ಏಕೀಕರಣ ಅಂತ ಬಾಯಿಪಾಠ ಮಾಡುವ ಹುಡುಗ ಆ ಕಟ್ಟೆಯ ಮೇಲೆಯೇ ಕೂತು ಊಟದ ಡಬ್ಬಿ ಬಿಚ್ಚುತ್ತಾನೆ. ಕಲ್ಲಿನಲ್ಲಿರುವ 'ಜಿ. ವಿಜಾಪುರ' ಕೂಡ ಹಾಗೆಯೇ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ನಮ್ಮ ಊರು ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ಶಾಲೆಯ ಅಂಗಳದಲ್ಲೇ ಇಷ್ಟು ಇತಿಹಾಸ ಇದೆ ಅಂದರೆ ಮುಳುಗಡೆ ಪಟ್ಟಿಯ ಎಲ್ಲ ಶಾಲೆಗಳಲ್ಲಿ ಎಷ್ಟಿರಬೇಡ?

ದೊಡ್ಡ ಊರುಗಳ ಹಳೇ ಶಾಲೆಗಳಿಗೆ ಈ ಭಯ ಕಡಿಮೆ. ಜಮಖಂಡಿಯ ಪಿ.ಬಿ. ಹೈಸ್ಕೂಲ್ ಅಂದರೆ ಪರಶುರಾಮಭಾವು ಹೈಸ್ಕೂಲ್, ಪಟವರ್ಧನ ಸಂಸ್ಥಾನದ ನೆನಪು. ತತ್ವಜ್ಞಾನಿ ಗುರುದೇವ ರಾನಡೆಯವರು ಕಲಿತದ್ದು ಅಲ್ಲಿ. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು, ಕೊನೆಗೆ ನಿಂಬಾಳದಲ್ಲಿ ನೆಲೆಸಿದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್ಇ ಸಂಸ್ಥೆ ಶುರು ಮಾಡಿದ ಏಳು ಜನರನ್ನು ಜನ ಇವತ್ತಿಗೂ ಸಪ್ತರ್ಷಿಗಳು ಅನ್ನುತ್ತಾರೆ. ಅಲ್ಲಿನ ಜಿ.ಎ. ಹೈಸ್ಕೂಲಿನ ಎರಡಕ್ಷರದಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಎಂಬ ಇಬ್ಬರು ಹಿರಿಯರಿದ್ದಾರೆ. ಇವರ ಬಗ್ಗೆ ಬರೆದವರಿದ್ದಾರೆ, ಹೇಳುವವರಿದ್ದಾರೆ. ನಮ್ಮ ಊರಿನ ಆ ತಾಯಿಯ ಬಗ್ಗೆ ಯಾರೂ ಬರೆದಿಲ್ಲ. ಆಕೆಗೆ ಇರುವುದು ಒಂದೇ ಕಲ್ಲು.

ಹಿಂದಿನ ಮುಳುಗಡೆಯಲ್ಲಿ ಏನಾಯಿತು ಅಂತ ನೋಡಿದ್ದರಿಂದಲೇ ಇಷ್ಟು ಹೇಳುತ್ತಿದ್ದೇನೆ. ನನಗೆ ಗೊತ್ತಿರುವ ಒಂದು ಶಾಲೆಯನ್ನು ಕೆಡವಿದಾಗ ಬಾಗಿಲು, ಕಿಟಕಿ, ತೊಲೆ, ತಗಡು ಎಲ್ಲಕ್ಕೂ ಲೆಕ್ಕ ಇತ್ತು. ದಾನಿಗಳ ಹೆಸರಿದ್ದ ಕಲ್ಲಿಗೆ ಲೆಕ್ಕ ಇರಲಿಲ್ಲ. ಗೋಡೆಯ ಜೊತೆ ಒಡೆದು ಟ್ರ್ಯಾಕ್ಟರಿನಲ್ಲಿ ಹೋಯಿತು. ಪುನರ್ವಸತಿ ಕೇಂದ್ರದ ಹೊಸ ಕಟ್ಟಡದಲ್ಲಿ ಈಗ ಹೊಳೆಯುವ ಗ್ರಾನೈಟ್ ಫಲಕ ಇದೆ. ಅದರಲ್ಲಿ ಉದ್ಘಾಟನೆ ಮಾಡಿದವರ, ಅಧ್ಯಕ್ಷತೆ ವಹಿಸಿದವರ, ಗುತ್ತಿಗೆದಾರರ ಹೆಸರಿದೆ. ಜಾಗ ಕೊಟ್ಟು ಶಾಲೆ ಹುಟ್ಟಿಸಿದ ಮನೆತನದ ಹೆಸರು ಎಲ್ಲೂ ಇಲ್ಲ. ಆ ಮನೆಯವರು ಹೊಸ ಊರಿನಲ್ಲೇ ಇದ್ದಾರೆ. ಅವರ ಮೊಮ್ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ.

ನೀರು ಬಂದಾಗ ಉಳಿಸಿಕೊಳ್ಳುವುದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ ಕೆಲಸವಲ್ಲ. ನಾರಾಯಣಪುರದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ದರ್ಶನ ಮಾಡುವ ಹಾಗೆ ಕಟ್ಟಿದರು. ಸುತ್ತ ನೀರು, ನಡುವೆ ಮಂಟಪ ಭದ್ರವಾಗಿದೆ. ನಾನು ಅಷ್ಟು ದೊಡ್ಡ ಕೆಲಸ ಕೇಳುತ್ತಿಲ್ಲ. ಒಂದು ಕಲ್ಲನ್ನು ಒಡೆಯದೆ ಬಿಚ್ಚಿ ತರಲು ಒಬ್ಬ ಒಳ್ಳೆ ಗೌಂಡಿ, ಅರ್ಧ ದಿನ ಸಾಕು.

ಆದರೆ ಕಲ್ಲು ತಂದರಷ್ಟೇ ಸಾಲದು, ಅದರ ಕತೆಯೂ ಬರಬೇಕು. ಕತೆ ಹೇಳುವವರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಹೊಸ ಊರಿಗೆ ಹೋದ ಮೇಲೆ ಮಾಡೋಣ ಅಂದರೆ ಆಗುವುದಿಲ್ಲ. ಒಂದೇ ಊರಿನ ಜನ ಬೇರೆ ಬೇರೆ ಕಡೆ ಹೋಗುತ್ತಾರೆ, ಹಿರಿಯರು ಮಗನ ಜೊತೆ ಬಾಗಲಕೋಟೆಯ ನವನಗರಕ್ಕೋ ಪುಣೆಗೋ ಹೋಗಿಬಿಡುತ್ತಾರೆ. ಈ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೊಡಿ. ಸಮಾಜ ವಿಜ್ಞಾನದ ಸರ್ ಜೊತೆ ನಿಲ್ಲಲಿ. ಮಕ್ಕಳು ಕಲ್ಲು ತೊಳೆದು ಅಕ್ಷರ ಓದಲಿ, ಫೋಟೋ ತೆಗೆಯಲಿ, ಅಜ್ಜ ಅಜ್ಜಿಯರ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಲಿ. ಶಾಲೆಯ ಹಳೇ ಜನರಲ್ ರಿಜಿಸ್ಟರ್, ಜಾಗದ ದಾನಪತ್ರ ಇವನ್ನೂ ತೆಗೆದು ನೋಡಲಿ. ಇಬ್ಬರು ಹಿರಿಯರು ಎರಡು ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಲಿ. ಹೀಗೆ ಬರೆದದ್ದರ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇರಲಿ.

ಹೊಸ ಶಾಲೆಯಲ್ಲಿ ಕಲ್ಲನ್ನು ಗೇಟಿನ ಒಳಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಕೂರಿಸಬೇಕು. ಪಕ್ಕದಲ್ಲಿ ನಾಲ್ಕೈದು ಸಾಲಿನಲ್ಲಿ ಅದರ ಕತೆ ಇರಬೇಕು. ಧ್ವಜದ ಕಟ್ಟೆ ಪೂರ್ತಿ ತರಲು ಆಗದಿದ್ದರೆ ತಾರೀಖು ಇರುವ ಸಿಮೆಂಟಿನ ಭಾಗವನ್ನಾದರೂ ಕತ್ತರಿಸಿ ತರಬಹುದು.

ಇದಕ್ಕೆ ಹೊಸ ಯೋಜನೆ, ಹೊಸ ಸಮಿತಿ ಏನೂ ಬೇಡ. ಶಾಲಾ ಕಟ್ಟಡ ಕೆಡವುವ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಆಯಿತು: ಆವರಣದ ಕಲ್ಲು, ಫಲಕ, ಸ್ಮಾರಕಗಳನ್ನು ಇಡಿಯಾಗಿ ತೆಗೆದು ಮುಖ್ಯೋಪಾಧ್ಯಾಯರ ವಶಕ್ಕೆ ಕೊಟ್ಟು, ಅವರ ಸಹಿ ತಂದ ಮೇಲೆಯೇ ಬಿಲ್ ಪಾಸಾಗಬೇಕು. ಬರುವ ಕೆಡಿಪಿ ಸಭೆಯಲ್ಲಿ, ಅಂದರೆ ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆಯಲ್ಲಿ, ತಾವು ಈ ಮಾತು ಎತ್ತಿ, ಜಿಲ್ಲಾಧಿಕಾರಿಗಳಿಂದ ಆದೇಶ ಹೊರಡಿಸಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಘಟಪ್ರಭಾ ದಂಡೆಯ ಒಂದು ಹೈಸ್ಕೂಲಿನ ಹಳೇ ವಿದ್ಯಾರ್ಥಿ
ಬಾಗಲಕೋಟೆ ತಾಲೂಕು