ಹಿರಿಯರ ದೂರು ಪಂಚಾಯಿತಿಯಲ್ಲೇ ತೆಗೆದುಕೊಳ್ಳಲಿ

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಓಣಿಯ ಅಜ್ಜಿಯೊಬ್ಬರ ಮಣಿಕಟ್ಟಿನಲ್ಲಿ ನೀಲಿಗಟ್ಟಿದ ಬೆರಳಿನ ಗುರುತಿತ್ತು. ಕೇಳಿದರೆ ಸೆರಗೆಳೆದು ಮುಚ್ಚಿ, ‘ಬಚ್ಚಲಲ್ಲಿ ಜಾರಿದೆ ಮಗಾ’ ಎಂದರು. ಉಡುಪಿ ಕಡೆ ಮನೆಯವರಿಂದಲೇ ಪೆಟ್ಟು ತಿನ್ನುವ ಇಂಥ ಹಿರಿಯರು ನೋವನ್ನು ದೈವದ ಮುಂದೆ ಹೇಳಿಕೊಳ್ಳುತ್ತಾರೆ, ಠಾಣೆಗೆ ಹೋಗುವುದಿಲ್ಲ. ಮಗನ ಮರ್ಯಾದೆ ಹೋದೀತು ಎಂಬ ಹೆದರಿಕೆ. ನಾಳೆ ಊಟ ಹಾಕುವವರು ಯಾರು ಎಂಬ ಚಿಂತೆ ಇನ್ನೂ ಜಾಸ್ತಿ.

2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತಾವೇ ಹೋಗಲಾಗದಿದ್ದರೆ, ಅವರು ಒಪ್ಪಿದ ಬೇರೊಬ್ಬರು ಕೊಟ್ಟರೂ ನಡೆಯುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಕೇಳಲೂ ದಾರಿಯಿದೆ. ಆದರೆ ನಮ್ಮ ಜಿಲ್ಲೆಯ ಉಪವಿಭಾಗಾಧಿಕಾರಿ ಕಚೇರಿ ಇರುವುದು ಕುಂದಾಪುರದಲ್ಲಿ. ಕಾರ್ಕಳದ ಮೂಲೆಯ ಎಂಬತ್ತರ ಅಜ್ಜಿ ಎರಡು ಬಸ್ ಹತ್ತಿ ಅಲ್ಲಿಗೆ ಹೋಗುವುದುಂಟಾ? ಅರ್ಜಿಯನ್ನು ಪಂಚಾಯಿತಿಯಲ್ಲೇ ತೆಗೆದುಕೊಳ್ಳುವ ವ್ಯವಸ್ಥೆ ಆಗಬೇಕು.

14567 ಉಚಿತ ಸಹಾಯವಾಣಿ ಇದೆ, ನಿಜ. ಆದರೆ ಹೊಡೆಯುವವರ ಕೈಯಲ್ಲೇ ಮನೆಯ ಫೋನ್ ಇದ್ದರೆ ಏನು ಮಾಡುವುದು? ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಹಿರಿಯರನ್ನು ಒಬ್ಬರೇ ಇರುವಾಗ ಮಾತಾಡಿಸುವಂತೆ ಆರೋಗ್ಯ ಇಲಾಖೆ ಸೂಚನೆ ಕೊಡಲಿ. ಗಂಡಸರೂ ಪೆಟ್ಟು ತಿನ್ನುತ್ತಾರೆ, ಅಜ್ಜಂದಿರನ್ನೂ ಕೇಳಲಿ.

– ಓದುಗ, ಉಡುಪಿ