ಈ ವಾರದ ಮನೆತನದ ಹೆಸರು: ಟೇಲರ್

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಟೇಲರ್ ಹೆಸರಿನ ಬಗ್ಗೆ ಕೇಳಿದ್ದಿರಿ, ಅಲ್ವಾ? ನಾವು ಬಟ್ಟೆ ಹೊಲಿಯಲು ಕೊಡುವ ಟೈಲರ್ ಪದವೇ ಇದು. ಹೆಸರಾದಾಗ ಸ್ಪೆಲಿಂಗ್ ಸ್ವಲ್ಪ ಬದಲಾಗಿ, ನಡುವೆ 'ವೈ' ಅಕ್ಷರ ಬಂದಿದೆ. ಮೂಲ ಹಳೆಯ ಫ್ರೆಂಚ್ ಭಾಷೆಯದು. ಅರ್ಥ 'ಕತ್ತರಿಸುವವನು'. ಹೊಲಿಗೆಗಿಂತ ಬಟ್ಟೆ ಕತ್ತರಿಸುವುದೇ ದೊಡ್ಡ ಕಸುಬು ಅಂತ ನಮ್ಮ ದರ್ಜಿಗಳೂ ಹೇಳುತ್ತಾರೆ! 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಇಂಥ ಫ್ರೆಂಚ್ ಪದಗಳು ಅಲ್ಲಿ ಬೇರೂರಿದವು.

ಗಣಿತ ಓದಿದವರಿಗೆ ಬ್ರೂಕ್ ಟೇಲರ್ ಗೊತ್ತು. ಟೇಲರ್ ಸರಣಿ ಅವರ ಹೆಸರಿನದೇ. ಕ್ರಿಕೆಟ್‌ನಲ್ಲಿ ನ್ಯೂಜಿಲೆಂಡಿನ ರಾಸ್ ಟೇಲರ್. ಅಂತಾರಾಷ್ಟ್ರೀಯ ಕ್ರಿಕೆಟ್‌ನ ಮೂರೂ ಮಾದರಿಗಳಲ್ಲಿ ತಲಾ ನೂರು ಪಂದ್ಯ ಆಡಿದ ಮೊದಲಿಗರು.

ನನಗೆ ಜಾಸ್ತಿ ಇಷ್ಟವಾಗುವವರು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. 1840ರ ದಶಕದಲ್ಲಿ ನಮ್ಮ ಸುರಪುರದ ಆಡಳಿತ ನೋಡಿಕೊಂಡರು. ಆಗ ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಆ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನೂ ಅವರು ಅಗೆದು ಅಧ್ಯಯನ ಮಾಡಿದರು. ಅವರಿದ್ದ ಬಂಗಲೆ, ಟೇಲರ್ ಮಂಜಿಲ್, ಸುರಪುರದ ಗುಡ್ಡದ ಮೇಲಿದೆ. ಆ ಕಡೆಯವರು ಯಾರಾದರೂ ಇದ್ದರೆ ಫೋಟೊ ಹಾಕಿ, ದಯವಿಟ್ಟು.

ಮುಂದಿನ ವಾರ ಸ್ಮಿತ್. ಗೊತ್ತಿರುವುದನ್ನು ಶನಿವಾರ ಸಂಜೆಯೊಳಗೆ ಬರೆಯಿರಿ.