ಮೊದಲು ಕಲಿಯಲಿ, ಆಮೇಲೆ ಬೆರೆಸಲಿ

ಸಂಪಾದಕರಿಗೆ ನಮಸ್ಕಾರ.

ಮದುವೆ ವಾಲಗದ ಜೊತೆ ಕೀಬೋರ್ಡ್, ರಿದಮ್ ಪ್ಯಾಡ್ ಸೇರಿಸಿ ಸಂಪ್ರದಾಯ ಕೆಡಿಸುತ್ತಿದ್ದಾರೆ ಎಂದು ಓದುಗರೊಬ್ಬರು ಬರೆದಿದ್ದರು. ಅವರ ಸಂಕಟ ನನಗೂ ಇದೆ. ಆದರೆ ಬೆರೆಸುವುದೇ ತಪ್ಪು ಅನ್ನುವುದನ್ನು ಒಪ್ಪಲಾರೆ. ಯಹೂದಿಗಳ ಕ್ಲೆಜ್ಮರ್ ಸಂಗೀತವನ್ನು ಒಮ್ಮೆ ಕೇಳಿ ನೋಡಿ.

ಇದೂ ಮದುವೆ ಮನೆಯ ಸಂಗೀತವೇ. ಪೂರ್ವ ಯುರೋಪಿನ ಊರುಗಳಲ್ಲಿ ಪಿಟೀಲು ಹಿಡಿದು ನುಡಿಸುತ್ತಿದ್ದರು, ಆಮೇಲೆ ಕ್ಲಾರಿಯೋನೆಟ್ ಮುಂದೆ ಬಂತು. ಆ ಕ್ಲಾರಿಯೋನೆಟ್ ಬಿಕ್ಕಿ ಬಿಕ್ಕಿ ಅಳುತ್ತದೆ, ಅಳುತ್ತಿರುವಾಗಲೇ ಕುಣಿಸಿಬಿಡುತ್ತದೆ. ಅದರ ಒಂದು ಮುಖ್ಯ ಸ್ವರಶ್ರೇಣಿ ನಮ್ಮ ಕರ್ನಾಟಕ ಸಂಗೀತದ ವಕುಳಾಭರಣ ರಾಗದ್ದೇ, ಹಿಂದೂಸ್ತಾನಿಯವರ ಬಸಂತ್ ಮುಖಾರಿ. ಹಾಗಾಗಿ ನಮ್ಮ ಕಿವಿಗೆ ಅದು ಅಷ್ಟೇನೂ ಹೊರಗಿನದು ಅನ್ನಿಸುವುದಿಲ್ಲ.

ಅದು ಎಂದೂ ಬೆರಕೆ ಇಲ್ಲದೆ ಇದ್ದದ್ದೇ ಇಲ್ಲ. ರೊಮೇನಿಯಾ, ಉಕ್ರೇನ್ ಕಡೆಯ ಕುಣಿತದ ಮಟ್ಟುಗಳು, ಜಿಪ್ಸಿಗಳ ವಾದನ ಎಲ್ಲ ಮೊದಲೇ ಸೇರಿದ್ದವು. ನ್ಯೂಯಾರ್ಕ್‌ಗೆ ವಲಸೆ ಹೋದವರು ಜಾಝ್ ಅನ್ನೂ ಸೇರಿಸಿಕೊಂಡರು. ಆದರೆ ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು, ಆ ಊರುಗಳೂ ನುಡಿಸುವವರೂ ಹೋದರು. ಅತ್ತ ಅಮೆರಿಕದ ಮಕ್ಕಳಿಗೆ ಇದು ಅಜ್ಜಂದಿರ ಕಾಲದ್ದು, ಬೇಡ ಅನ್ನಿಸಿತು.

1970ರ ದಶಕದಲ್ಲಿ ಕೆಲವು ಹುಡುಗರು ಹಳೆಯ ಗ್ರಾಮೊಫೋನ್ ತಟ್ಟೆಗಳನ್ನು ಹುಡುಕಿ ಕೇಳಿ ಕಲಿಯತೊಡಗಿದರು. ಅವರಲ್ಲೊಬ್ಬರಾದ ಆಂಡಿ ಸ್ಟಾಟ್‌ಮನ್ ಆಗ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಅವರು ಉಕ್ರೇನಿನಲ್ಲಿ ಹುಟ್ಟಿದ್ದ ಡೇವ್ ಟರಾಸ್ ಎಂಬ ಹಿರಿಯರ ಹತ್ತಿರ ಹೋಗಿ ಕ್ಲಾರಿಯೋನೆಟ್ ಕಲಿತರು. 1985ರಲ್ಲಿ ಕ್ಲೆಜ್‌ಕ್ಯಾಂಪ್ ಎಂಬ ಶಿಬಿರ ಶುರುವಾಯಿತು, ಹಳಬರು ಮತ್ತು ಹೊಸಬರು ಒಟ್ಟಿಗೆ ಕೂತು ನುಡಿಸುತ್ತಿದ್ದ ಜಾಗ. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸುವುದು ಇದೇ.

ಮುಂದಿನವರು ಧೈರ್ಯವಾಗಿ ಬೆರೆಸಿದರು. ಕೆನಡಾದ ಮಾಂಟ್ರಿಯಲ್‌ನ ‘ಸೋಕಾಲ್ಡ್’ ಎಂಬ ಹೆಸರಿನ ಸಂಗೀತಗಾರ, ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಶ್‌ನ ಹಳೆಯ ರೆಕಾರ್ಡುಗಳ ತುಣುಕುಗಳನ್ನು ಹಿಪ್-ಹಾಪ್ ತಾಳದ ಮೇಲೆ ಕೂರಿಸಿದರು. 1986ರಲ್ಲಿ ಶುರುವಾದ ಕ್ಲೆಜ್ಮ್ಯಾಟಿಕ್ಸ್ ತಂಡ, ಅಮೆರಿಕದ ಜನಪದ ಹಾಡುಗಾರ ವುಡಿ ಗತ್ರಿ ಬರೆದಿಟ್ಟು ಹೋಗಿದ್ದ ಸಾಲುಗಳಿಗೆ ರಾಗ ಹಾಕಿ 2007ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ನಮ್ಮ ದಾವಣಗೆರೆ ಕಲ್ಯಾಣ ಮಂಟಪಗಳಲ್ಲಿ ಏನಾಗುತ್ತಿದೆ? ವಾಲಗದವರು ಗಟ್ಟಿಮೇಳಕ್ಕೆ ಮಾತ್ರ ಬೇಕು. ತಾಳಿ ಕಟ್ಟಿದ ಮೇಲೆ ಅವರನ್ನು ಕೇಳುವವರಿಲ್ಲ, ಮೆರವಣಿಗೆಗೆ ಡಿಜೆ. ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ನುಡಿಸುವ ಹಿರಿಯರ ಹತ್ತಿರ ಎಷ್ಟು ಮಟ್ಟುಗಳಿವೆ ಅಂತ ಯಾರಾದರೂ ಬರೆದಿಟ್ಟಿದ್ದೇವಾ? ಚಿತ್ರದುರ್ಗದ ಕಡೆ ಉರುಮೆಯವರದ್ದೂ ಇದೇ ಪಾಡು ಅಲ್ವಾ? ಕೀಬೋರ್ಡ್ ಬಂದದ್ದಕ್ಕೆ ನನಗೆ ಬೇಜಾರಿಲ್ಲ. ಅದನ್ನು ನುಡಿಸುವ ಹುಡುಗ ಶಹನಾಯಿಯವರ ಪಕ್ಕ ಕೂತು ಒಂದು ರಾಗವನ್ನೂ ಕಲಿಯದೆ ಸಿನಿಮಾ ಹಾಡನ್ನಷ್ಟೇ ಹಾಕುತ್ತಾನಲ್ಲ, ಬೇಜಾರು ಅದಕ್ಕೆ.

ಸುಮ್ನೆ ಬೈದುಕೊಂಡು ಕೂರುವುದಕ್ಕಿಂತ, ಬೇಸಿಗೆ ರಜೆಯಲ್ಲಿ ಇಲ್ಲೊಂದು ಶಿಬಿರ ಮಾಡಬಹುದು. ಕಲಿಸುವ ಹಿರಿಯರಿಗೆ ಮದುವೆ ಸೀಸನ್ನಿನ ಸಂಭಾವನೆಗಿಂತ ಕಡಿಮೆ ಕೊಡಬಾರದು. ಅವರು ನುಡಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿಡಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೈ ಹಾಕಿದರೆ ಇದು ಕಷ್ಟವೇನಲ್ಲ. ನಿಮ್ಮ ಪತ್ರಿಕೆಯವರು ವಾರಕ್ಕೊಬ್ಬ ವಾಲಗದವರನ್ನು ಮಾತಾಡಿಸಿ ಬರೆದರೆ, ಯಾರ ಹತ್ತಿರ ಹೋಗಿ ಕಲಿಯಬೇಕು ಅನ್ನುವುದಾದರೂ ಹುಡುಗರಿಗೆ ಗೊತ್ತಾಗುತ್ತದೆ.

— ಒಬ್ಬ ಓದುಗ, ದಾವಣಗೆರೆ